ಹೆರಿಗೆಗೆ ಮುಂಚೆ ರಾಜೀನಾಮೆ ಕೊಡಿ ಅಂದರೆ ಕೊಡಬೇಕಾ? ಕಾಯಿಲೆ ರಜೆಯ ದುಡ್ಡು ಯಾರು ಕೊಡಬೇಕು?

ಪ್ರಶ್ನೆ: ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸೇರಿ ನಾಲ್ಕು ವರ್ಷ ಮೂರು ತಿಂಗಳಾಯಿತು. ತಿಂಗಳಿಗೆ 15,000 ರೂಪಾಯಿ ಸಂಬಳ. ಈಗ ಐದು ತಿಂಗಳ ಗರ್ಭಿಣಿ, ಮೊದಲನೇ ಮಗು. ಜುಲೈ ಎರಡನೇ ವಾರಕ್ಕೆ ಡೇಟ್ ಕೊಟ್ಟಿದ್ದಾರೆ. ಸೂಪರ್‌ವೈಸರ್ 'ಏಳು ತಿಂಗಳಾದ ಮೇಲೆ ಕೂರೋಕಾಗಲ್ಲ, ರಾಜೀನಾಮೆ ಕೊಟ್ಟು ಪಿಎಫ್ ತಗೊಂಡು ಹೋಗು, ಮಗು ದೊಡ್ಡದಾದ ಮೇಲೆ ಮತ್ತೆ ಸೇರ್ಕೋ' ಅಂತಾರೆ. ನನ್ನ ಗಂಡ ಇಲ್ಲೇ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್, 19,500 ಸಂಬಳ. ಜನವರಿಯಲ್ಲಿ ಕಾಮಾಲೆ ಬಂದು 21 ದಿನ ಕೆಲಸಕ್ಕೆ ಹೋಗಲಿಲ್ಲ. ಮೊದಲ 8 ದಿನ ಊರಲ್ಲಿ ನಾಟಿ ಔಷಧಿ ಕುಡಿದರು, ಕಡಿಮೆ ಆಗಲಿಲ್ಲ ಅಂತ ಬಂದು ಇಎಸ್‌ಐ ಡಿಸ್ಪೆನ್ಸರಿಗೆ ತೋರಿಸಿದರು. 21 ದಿನದ ಸಂಬಳವನ್ನೂ ಕಂಪನಿ ಹಿಡಿದುಕೊಂಡಿದೆ. ಕೇಳಿದರೆ 'ಇಎಸ್‌ಐ ಇದೆಯಲ್ಲ' ಅಂದರು. ಇಎಸ್‌ಐ ಅಂದರೆ ಬರೀ ಮಾತ್ರೆ, ಇಂಜೆಕ್ಷನ್ ಅಲ್ವಾ? ನನ್ನ ಹೆರಿಗೆಗೆ ಅವರಿಗೆ ರಜೆ ಸಿಗುತ್ತಾ?

ಉತ್ತರ: ರಾಜೀನಾಮೆ ವಿಷಯ ಮೊದಲು ಹೇಳಿಬಿಡುತ್ತೇನೆ, ಅದಕ್ಕೆ ಸಮಯ ಕಡಿಮೆ ಇದೆ. ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಖಾಲಿ ಹಾಳೆಗಂತೂ ಬೇಡವೇ ಬೇಡ.

ನಿಮ್ಮ ಸಂಬಳದ ಸ್ಲಿಪ್ ತೆಗೆದು ನೋಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂತ ಒಂದು ಸಾಲಿನಲ್ಲಿ 113 ರೂಪಾಯಿ ಆಸುಪಾಸು ಹಿಡಿದಿರುತ್ತಾರೆ. ಸಂಬಳದ ನೂರಕ್ಕೆ ಮುಕ್ಕಾಲು ರೂಪಾಯಿ ನಿಮ್ಮದು, ಮೂರೂಕಾಲು ರೂಪಾಯಿ ಕಂಪನಿಯದು. ಅಂದರೆ ನಿಮ್ಮ 113ಕ್ಕೆ ಕಂಪನಿ 488 ರೂಪಾಯಿ ಸೇರಿಸಿ ಪ್ರತಿ ತಿಂಗಳು ಇಎಸ್‌ಐ ನಿಗಮಕ್ಕೆ ಕಟ್ಟುತ್ತದೆ. ಹೀಗೆ ಕಟ್ಟುವ ದುಡ್ಡಿಗೇ ವಂತಿಗೆ ಅನ್ನುತ್ತಾರೆ. 2019ರ ಜುಲೈನಿಂದ ಇದೇ ದರ. ಈ ದುಡ್ಡು ಬರೀ ಔಷಧಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಕಾಯಿಲೆಯಿಂದಲೋ ಹೆರಿಗೆಯಿಂದಲೋ ಕೆಲಸಕ್ಕೆ ಹೋಗಲಾಗದೆ ತಪ್ಪಿಹೋದ ಸಂಬಳವನ್ನು ತುಂಬಿಕೊಡುವುದೂ ಇದೇ ದುಡ್ಡು. ಡಿಸ್ಪೆನ್ಸರಿ ಕಟ್ಟಡ ಕಣ್ಣಿಗೆ ಕಾಣುತ್ತದೆ, ಹಣ ಕೊಡುವ ಬ್ರಾಂಚ್ ಆಫೀಸ್ ಎಲ್ಲಿದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ.

ಇಎಸ್‌ಐನಲ್ಲಿರುವ ಹೆಣ್ಣುಮಗಳಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ಭತ್ಯೆ ಇದೆ. ಅದೂ ಪೂರ್ತಿ ಸಂಬಳ, ನೂರಕ್ಕೆ ನೂರು. ಷರತ್ತು ಒಂದೇ. ಹೆರಿಗೆ ಯಾವ ಅರ್ಧ ವರ್ಷದಲ್ಲಿ ಬೀಳುತ್ತದೋ ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಸೇರಿ 70 ದಿನದ ವಂತಿಗೆ ಇರಬೇಕು. ವಂತಿಗೆ ಅವಧಿ ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ನಿಮ್ಮ ಹೆರಿಗೆ ಜುಲೈನಲ್ಲಿ. ಹಾಗಾಗಿ ಹೋದ ವರ್ಷದ ಏಪ್ರಿಲ್‌ನಿಂದ ಈ ಮಾರ್ಚ್ ಕೊನೆಯವರೆಗಿನ ಹಾಜರಿ ಲೆಕ್ಕಕ್ಕೆ ಬರುತ್ತದೆ. ಒಂದು ವರ್ಷದಲ್ಲಿ 70 ದಿನ. ದಿನಾ ಕೆಲಸಕ್ಕೆ ಹೋಗುವ ನಿಮಗೆ ಅದು ಎಂದೋ ಆಗಿಹೋಗಿದೆ.

ಈಗ ದುಡ್ಡು ಎಷ್ಟು ನೋಡೋಣ. ತಿಂಗಳಿಗೆ 15,000 ಅಂದರೆ ದಿನಕ್ಕೆ ಸರಾಸರಿ 500. 26 ವಾರ ಅಂದರೆ 182 ದಿನ, ಭಾನುವಾರವೂ ಲೆಕ್ಕಕ್ಕುಂಟು. ಒಟ್ಟು 91,000 ರೂಪಾಯಿ. ನಿಮ್ಮ ಕಂಪನಿ ಎಷ್ಟು ದಿನದ ಹಾಜರಿ ತೋರಿಸಿದೆ ಎನ್ನುವುದರ ಮೇಲೆ ಇದು ಸ್ವಲ್ಪ ಆಚೀಚೆ ಆಗಬಹುದು.

ಈ 91,000ದಲ್ಲಿ ನಿಮ್ಮ ಕಂಪನಿ ಕೈಯಿಂದ ಹಾಕುವುದು ಎಷ್ಟು? ಒಂದು ಪೈಸೆಯೂ ಇಲ್ಲ. ಪೂರ್ತಿ ಹಣ ಇಎಸ್‌ಐ ನಿಗಮದಿಂದ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಆ ಆರು ತಿಂಗಳು ಕಂಪನಿಗೆ ನಿಮ್ಮ ಹೆಸರಿನ ವಂತಿಗೆಯೂ ಇಲ್ಲ. ಹಾಗಿದ್ದೂ ಯಾಕೆ ರಾಜೀನಾಮೆ ಕೇಳುತ್ತಾರೆ? ಲೈನ್‌ನಲ್ಲಿ ಒಂದು ಮೆಷಿನ್ ಖಾಲಿ ಬಿದ್ದರೆ ಟಾರ್ಗೆಟ್ ಬೀಳುತ್ತದೆ, ಸೂಪರ್‌ವೈಸರ್‌ಗೆ ಅದರದೇ ತಲೆನೋವು. ಇನ್ನೊಂದು ಕಾರಣ ಅವರು ಬಾಯಿಬಿಟ್ಟು ಹೇಳುವುದಿಲ್ಲ. ನಿಮಗೆ ನಾಲ್ಕು ವರ್ಷ ಮೂರು ತಿಂಗಳು. ಐದು ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಇಡಿಗಂಟು, ಕೊಡಬೇಕು.

ಆ ಗ್ರಾಚ್ಯುಟಿ ಲೆಕ್ಕವನ್ನೂ ಹಾಕಿಬಿಡೋಣ. ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 13,000 ಅಂತಿಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500. ಐದು ವರ್ಷಕ್ಕೆ 37,500. ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರೆ ಇದು ಸೊನ್ನೆ. ರಾಜೀನಾಮೆ ಕೊಡದೆ ಮೇ ಮಧ್ಯದಲ್ಲಿ ಹೆರಿಗೆ ರಜೆಗೆ ಹೋದರೆ ನವೆಂಬರ್ ಮಧ್ಯದಲ್ಲಿ ವಾಪಸ್ ಬರುತ್ತೀರಿ. 26 ವಾರದ ಹೆರಿಗೆ ರಜೆ ಗ್ರಾಚ್ಯುಟಿ ಲೆಕ್ಕದಲ್ಲಿ ನಿರಂತರ ಸೇವೆಯೇ, ಅದನ್ನು ಕಳೆಯುವ ಹಾಗಿಲ್ಲ. ಡಿಸೆಂಬರ್‌ಗೆ ನಿಮಗೆ ಐದು ವರ್ಷ ತುಂಬುತ್ತದೆ. 'ಆಮೇಲೆ ಮತ್ತೆ ಸೇರ್ಕೋ' ಅಂದರೆ ಹೊಸಬರಾಗಿ ಸೇರುವುದು, ಮೊದಲನೇ ದಿನದಿಂದ ಎಣಿಕೆ.

ಪಿಎಫ್ ಆಸೆ ನನಗೆ ಅರ್ಥವಾಗುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಅಂದರೆ ಇರುವ ಒಂದೇ ಉಳಿತಾಯ. 2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದಾಗ ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು, ಸರ್ಕಾರ ನಿಯಮ ವಾಪಸ್ ತೆಗೆದುಕೊಳ್ಳಬೇಕಾಯಿತು. ಆದರೆ ಕಾಯಿಲೆಯಂಥ ಕಷ್ಟಕ್ಕೆ ಪಿಎಫ್‌ನಿಂದ ಮುಂಗಡ ತೆಗೆಯಲು ಕೆಲಸ ಬಿಡಬೇಕಾಗಿಲ್ಲ. ಕೆಲಸ ಬಿಟ್ಟು ಪಿಂಚಣಿ ಭಾಗವನ್ನೂ ಎತ್ತಿಕೊಂಡರೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಎಣಿಕೆಯೂ ಮತ್ತೆ ಮೊದಲಿಂದ.

ಗರ್ಭಿಣಿ ಅನ್ನುವ ಕಾರಣಕ್ಕೆ ಅಥವಾ ಹೆರಿಗೆ ರಜೆಯಲ್ಲಿ ಇರುವಾಗ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಇದು ಸೂಪರ್‌ವೈಸರ್‌ಗೆ ಗೊತ್ತಿಲ್ಲದಿದ್ದರೂ ಎಚ್‌ಆರ್‌ನವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ತೆಗೆಯುವುದಿಲ್ಲ, ನೀವೇ ಬಿಟ್ಟು ಹೋದ ಹಾಗೆ ಬರೆಸಿಕೊಳ್ಳುತ್ತಾರೆ.

ಇದನ್ನು ಓದುವವರಲ್ಲಿ ಈಗಾಗಲೇ ರಾಜೀನಾಮೆ ಕೊಟ್ಟವರೂ ಇರಬಹುದು. ಅವರೂ ಕೈಚೆಲ್ಲಿ ಕೂರಬೇಕಾಗಿಲ್ಲ. ಇಎಸ್‌ಐ ಹೆರಿಗೆ ಭತ್ಯೆ ನಿಂತಿರುವುದು ಹಿಂದಿನ ವಂತಿಗೆಯ ಮೇಲೆ. 70 ದಿನದ ಲೆಕ್ಕ ಸರಿ ಇದ್ದರೆ, ಹೆರಿಗೆ ಹೊತ್ತಿಗೆ ಕೆಲಸದಲ್ಲಿ ಇಲ್ಲದಿದ್ದರೂ ಕ್ಲೇಮ್ ಹಾಕಬಹುದು. ಕೆಲಸವಂತೂ ಹೋಯಿತು, ಆ ದುಡ್ಡನ್ನೂ ಸುಮ್ನೆ ಬಿಡಬೇಡಿ.

ಈ 26 ವಾರದಲ್ಲಿ ಹೆರಿಗೆಗೆ ಮುಂಚೆ 8 ವಾರಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಪೂರ್ತಿ 8 ವಾರ ಮುಂಚೆಯೇ ಮುಗಿಸಬೇಕು ಅಂತೇನೂ ಇಲ್ಲ. ಮೈಯಲ್ಲಿ ಶಕ್ತಿ ಇದ್ದರೆ ಜೂನ್‌ವರೆಗೆ ಕೆಲಸ ಮಾಡಿ ಉಳಿದದ್ದನ್ನು ಮಗುವಿನ ಜೊತೆ ಕಳೆಯುವುದು ಒಳ್ಳೆಯದು ಅಂತ ಕೆಲವರು ಲೆಕ್ಕ ಹಾಕುತ್ತಾರೆ. ಗಂಟೆಗಟ್ಟಲೆ ಪೆಡಲ್ ಮೇಲೆ ಕಾಲಿಟ್ಟು ಕೂರುವ ಕೆಲಸದಲ್ಲಿ ಆ ಮಾತು ಡಾಕ್ಟರನ್ನು ಕೇಳಿ ನಿರ್ಧರಿಸಿ. ಗರ್ಭದಿಂದಲೋ ಹೆರಿಗೆಯಿಂದಲೋ ತೊಂದರೆಯಾದರೆ ಇನ್ನೂ ಒಂದು ತಿಂಗಳು ಹೆಚ್ಚಿಗೆ ಸಿಗುತ್ತದೆ, ಅದಕ್ಕೆ ಇಎಸ್‌ಐ ಡಾಕ್ಟರ ಚೀಟಿ ಬೇಕು. ಗರ್ಭಪಾತವಾದರೆ 6 ವಾರ ಇದೆ. ಇದನ್ನು ಬಹಳ ಜನ ಕೇಳುವುದೇ ಇಲ್ಲ, ನೋವಿನ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ ಹೇಳಿ. ಬದುಕಿರುವ ಇಬ್ಬರು ಮಕ್ಕಳಿರುವವರಿಗೆ ಮುಂದಿನ ಹೆರಿಗೆಗೆ 12 ವಾರ ಮಾತ್ರ.

ಮೊದಲನೇ ಹೆರಿಗೆ ಅಂದಿರಿ, ತವರಿಗೆ ಹೋಗುತ್ತೀರಿ ಅಲ್ವಾ? ಎಷ್ಟೋ ಜನ ಎಡವುವುದು ಇಲ್ಲೇ. ಊರಲ್ಲಿ ಯಾವುದೋ ಆಸ್ಪತ್ರೆಯಲ್ಲಿ ಹೆರಿಗೆ ಆಯಿತು ಅನ್ನುವ ಕಾರಣಕ್ಕೆ ಭತ್ಯೆ ನಿಲ್ಲುವುದಿಲ್ಲ. ಆದರೆ ಕಾಗದ ಇಲ್ಲದಿದ್ದರೆ ನಿಲ್ಲುತ್ತದೆ. ಬಸ್ ಹತ್ತುವ ಮುಂಚೆ ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಹೆಸರು ಬರೆಸಿ, ಗರ್ಭಿಣಿ ಎನ್ನುವ ಪ್ರಮಾಣಪತ್ರ ಮತ್ತು ಹೆರಿಗೆಯ ಅಂದಾಜು ದಿನಾಂಕದ ಪ್ರಮಾಣಪತ್ರ ಪಡೆದುಕೊಳ್ಳಿ. ಅದಕ್ಕೆ ಕ್ಲೇಮ್ ಅರ್ಜಿ ಸೇರಿಸಿ ಬ್ರಾಂಚ್ ಆಫೀಸಿಗೆ ಕೊಡಿ. ಇಎಸ್‌ಐ ಪೋರ್ಟಲ್‌ನಲ್ಲಿ ನಿಮ್ಮ ವಿಮಾ ನಂಬರ್ ಹಾಕಿಯೂ ಕಳಿಸಬಹುದು. ಹೆರಿಗೆ ಆದ ಮೇಲೆ ಜನನ ಪ್ರಮಾಣಪತ್ರ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಇಎಸ್‌ಐ ದಾಖಲೆ ಮೂರರಲ್ಲೂ ಹೆಸರು ಒಂದೇ ತರ ಇದೆಯಾ ಅಂತ ಇವತ್ತೇ ನೋಡಿ. ಮದುವೆಗೆ ಮುಂಚೆ ಸೇರಿದವರಿಗೆ ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಇರುತ್ತದೆ. ಹಣ ತಡವಾಗಲು ಇಷ್ಟೇ ಸಾಕು.

ರಜೆಯ ದಿನಗಳಲ್ಲಿ ಬೇರೆ ಕಡೆ ಕೂಲಿಗೆ ಹೋಗಬಾರದು. ಊರಿನ ಹತ್ತಿರ ಇನ್ನೊಂದು ಗಾರ್ಮೆಂಟ್ಸ್ ಇದೆ, ನಾಲ್ಕು ದಿನ ಹೋಗಿಬರೋಣ ಅಂದರೆ ಆ ದಿನಗಳ ಭತ್ಯೆ ಹೋಗುತ್ತದೆ. ಅಲ್ಲೂ ಇಎಸ್‌ಐ ಕಟ್ಟಾದರೆ ಎರಡೂ ಒಂದೇ ಕಂಪ್ಯೂಟರಿನಲ್ಲಿ ಕಾಣುತ್ತದೆ.

ಈಗ ನಿಮ್ಮ ಯಜಮಾನರ ವಿಷಯ.

ಕಂಪನಿಯವರು ಹೇಳಿದ್ದು ಅರ್ಧ ಸರಿ. ಫ್ಯಾಕ್ಟರಿ ಕಾನೂನಿನಲ್ಲಿ ಸಂಬಳ ಸಹಿತ ಕಾಯಿಲೆ ರಜೆ ಅಂತಲೇ ಬೇರೆ ಇಲ್ಲ. 20 ದಿನ ಕೆಲಸಕ್ಕೆ 1 ದಿನದಂತೆ ಗಳಿಕೆ ರಜೆ ಇದೆ, ಅಷ್ಟೇ. ಅಂಗಡಿ, ಹೋಟೆಲ್, ಆಫೀಸಿನವರಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ಫ್ಯಾಕ್ಟರಿಯವರಿಗೆ ಆ ಜಾಗದಲ್ಲಿ ಇರುವುದು ಇಎಸ್‌ಐ ಕಾಯಿಲೆ ಭತ್ಯೆ. ಹಾಗಾಗಿ 'ಇಎಸ್‌ಐನಲ್ಲಿ ಕೇಳಿ' ಅಂದದ್ದು ತಪ್ಪಲ್ಲ. ಹೇಗೆ ಕೇಳಬೇಕು ಅಂತ ಹೇಳದೆ ಕಳಿಸಿದ್ದು ತಪ್ಪು.

ಕಾಯಿಲೆ ಭತ್ಯೆ ಸರಾಸರಿ ದಿನಗೂಲಿಯ ಶೇ. 70. ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಜನವರಿಯಿಂದ ಜೂನ್ ಒಳಗೆ ಕಾಯಿಲೆ ಬಿದ್ದರೆ, ಅದರ ಹಿಂದಿನ ಏಪ್ರಿಲ್-ಸೆಪ್ಟೆಂಬರ್ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ಜುಲೈಯಿಂದ ಡಿಸೆಂಬರ್ ಒಳಗೆ ಬಿದ್ದರೆ ಅಕ್ಟೋಬರ್-ಮಾರ್ಚ್ ನೋಡುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಚಿಕಿತ್ಸೆ ಮೊದಲ ದಿನದಿಂದ ಇದೆ, ಆದರೆ ಈ ಭತ್ಯೆ ಶುರುವಾಗುವುದು ಒಂಬತ್ತು ತಿಂಗಳಾದ ಮೇಲೆ. ನಿಮ್ಮ ಯಜಮಾನರು ಹೋದ ಏಪ್ರಿಲ್‌ಗೆ ಮುಂಚಿನಿಂದ ಅಲ್ಲೇ ಇದ್ದರೆ ಇದಾವುದೂ ಅಡ್ಡ ಬರುವುದಿಲ್ಲ.

ಅಡ್ಡ ಬರುವುದು ಆ ಎಂಟು ದಿನ. ಕಾಮಾಲೆಗೆ ನಾಟಿ ಔಷಧಿ ಕುಡಿಯುವುದು ನಮ್ಮಲ್ಲಿ ಹಳೆಯ ರೂಢಿ, ಅದರ ಬಗ್ಗೆ ನಾನು ವಾದ ಮಾಡುವುದಿಲ್ಲ. ಆದರೆ ಔಷಧಿ ಕೊಟ್ಟವರು ಸರ್ಟಿಫಿಕೇಟ್ ಕೊಡುವುದಿಲ್ಲ. ಇಎಸ್‌ಐ ಡಾಕ್ಟರು ತಾವು ನೋಡದ ದಿನಗಳಿಗೆ ಹಿಂದಿನ ತಾರೀಖು ಹಾಕಿಕೊಡುವುದೂ ಇಲ್ಲ. ಸರ್ಟಿಫಿಕೇಟ್ ಇಲ್ಲದ ದಿನಕ್ಕೆ ಭತ್ಯೆ ಇಲ್ಲ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸಿದ್ದರೆ ಅಲ್ಲಿನ ಚೀಟಿಯನ್ನು ಬದಲಿ ಸಾಕ್ಷಿ ಅಂತ ಒಪ್ಪಲು ಅವಕಾಶ ಇದೆ, ಆದರೆ ಒಪ್ಪುವುದು ಬಿಡುವುದು ಇಎಸ್‌ಐನವರಿಗೆ ಬಿಟ್ಟದ್ದು. ಹಾಗಾಗಿ ಎಲ್ಲಿ ಚಿಕಿತ್ಸೆ ಮಾಡಿಸಿದರೂ ಮೊದಲ ದಿನವೇ ಡಿಸ್ಪೆನ್ಸರಿಗೆ ಹೋಗಿ ಮುಖ ತೋರಿಸಿಬಿಡುವುದು ಜಾಣತನ.

ಉಳಿದದ್ದು 13 ದಿನ. ಅದರಲ್ಲಿ ಮೊದಲ ಎರಡು ದಿನಕ್ಕೆ ಭತ್ಯೆ ಇಲ್ಲ, ಅದು ನಿಯಮ. ಹದಿನೈದು ದಿನದೊಳಗೆ ಮತ್ತೆ ಕಾಯಿಲೆ ಮರುಕಳಿಸಿದರೆ ಮಾತ್ರ ಎರಡನೇ ಸಲ ಈ ಎರಡು ದಿನ ಕಳೆಯುವುದಿಲ್ಲ. 19,500 ಸಂಬಳಕ್ಕೆ ದಿನಕ್ಕೆ 650, ಅದರ ಶೇ. 70 ಅಂದರೆ 455. ಹನ್ನೊಂದು ದಿನಕ್ಕೆ 5,005 ರೂಪಾಯಿ. 21 ದಿನವೂ ಸರ್ಟಿಫಿಕೇಟ್ ಇದ್ದಿದ್ದರೆ 8,645 ಆಗುತ್ತಿತ್ತು.

ಆ 5,005 ಇನ್ನೂ ಕೈತಪ್ಪಿಲ್ಲ. ಹಣ ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ಕ್ಲೇಮ್ ಹಾಕಿದರೆ ಸಾಕು. ಡಾಕ್ಟರು ಕೊಟ್ಟ ಮೊದಲ ಸರ್ಟಿಫಿಕೇಟ್, ನಡುವೆ ಕೊಟ್ಟದ್ದು, ಕೊನೆಗೆ ಕೆಲಸಕ್ಕೆ ಹೋಗಬಹುದು ಅಂತ ಬರೆದ ಫಿಟ್ನೆಸ್ ಚೀಟಿ, ಎಲ್ಲ ಜೋಡಿಸಿಕೊಳ್ಳಿ. ಫಿಟ್ನೆಸ್ ಚೀಟಿಯನ್ನು ಹಲವರು ಕಂಪನಿಗೆ ಒರಿಜಿನಲ್ ಕೊಟ್ಟು ಕೈಖಾಲಿ ಮಾಡಿಕೊಳ್ಳುತ್ತಾರೆ. ಕಂಪನಿಗೆ ಜೆರಾಕ್ಸ್ ಕೊಡಿ. ಬ್ರಾಂಚ್ ಆಫೀಸಿನವರು ಆ ದಿನಗಳಲ್ಲಿ ಇವರು ನಿಜಕ್ಕೂ ಗೈರುಹಾಜರಿದ್ದರಾ, ಸಂಬಳ ಕೊಟ್ಟಿದ್ದೀರಾ ಅಂತ ಕಂಪನಿಯನ್ನು ಕೇಳುತ್ತಾರೆ. ಎಚ್‌ಆರ್ ಉತ್ತರ ಕೊಡದೆ ಕೂತರೆ ಫೈಲೂ ಕೂರುತ್ತದೆ. ವಾರಕ್ಕೊಮ್ಮೆ ಕೇಳುತ್ತಿರಿ. ಫೈಲು ಮುಂದೆ ಹೋಗದಿದ್ದರೆ ನಿಗಮದ ಉಚಿತ ನಂಬರ್ 1800-11-2526ಕ್ಕೆ ದೂರು ಕೊಡಬಹುದು.

ಒಂದು ಮಾತು ಕೇಳಿ ನೋಡಿ: ಆ ದಿನಗಳಿಗೆ ಕಂಪನಿ ಗಳಿಕೆ ರಜೆ ಕಳೆದಿದೆಯಾ? ಕಳೆದು ಸಂಬಳ ಕೊಟ್ಟಿದ್ದರೆ ಅದೇ ದಿನಕ್ಕೆ ಇಎಸ್‌ಐ ಹಣ ಸಿಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಎರಡು ಮೂರು ದಿನದ ಜ್ವರಕ್ಕೆ ಗಳಿಕೆ ರಜೆ ಹಾಕಿ, ಅದಕ್ಕೆ ಪೂರ್ತಿ ಸಂಬಳ. ವಾರಗಟ್ಟಲೆ ಮಲಗುವ ಕಾಯಿಲೆಗೆ ಇಎಸ್‌ಐ ಹಾಕಿ, ರಜೆ ಉಳಿಸಿಕೊಳ್ಳಿ. ನಿಮ್ಮ ಮನೆಯಲ್ಲಿ ಜುಲೈಗೆ ಆ ರಜೆ ಬೇಕಾಗುತ್ತದೆ.

ಯಾಕೆಂದರೆ ಖಾಸಗಿ ಕಂಪನಿಯ ಗಂಡಸರಿಗೆ ಹೆಂಡತಿಯ ಹೆರಿಗೆಗೆ ಅಂತ ಕಾನೂನಿನಲ್ಲಿ ಒಂದು ದಿನದ ರಜೆಯೂ ಇಲ್ಲ. ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರಿಗೆ 15 ದಿನ ಇದೆ. ಕೆಲವು ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ತಾವಾಗಿ ಕೊಡುತ್ತವೆ. ಲೇತ್ ಮೆಷಿನ್ ಮುಂದೆ ನಿಲ್ಲುವವರಿಗೆ ಇಲ್ಲ. ಇದು ಸರಿಯಲ್ಲ ಅಂತಲೇ ನಾನೂ ಹೇಳುತ್ತೇನೆ, ಆದರೆ ಸದ್ಯಕ್ಕೆ ಇರುವುದು ಇಷ್ಟೇ.

ಅವರ ಸಂಬಳ 19,500 ಅಂದಿರಿ. ಇಎಸ್‌ಐಗೆ ಗಡಿ 21,000, ಅಂಗವಿಕಲರಿಗೆ 25,000. ಗಡಿ ನೋಡುವಾಗ ಓಟಿ ಹಣ ಸೇರಿಸುವುದಿಲ್ಲ. ವಂತಿಗೆ ಅವಧಿಯ ನಡುವೆ ಸಂಬಳ ಗಡಿ ದಾಟಿದರೆ ಆ ಅವಧಿ ಮುಗಿಯುವ ತನಕ ಇಎಸ್‌ಐ ಮುಂದುವರಿಯುತ್ತದೆ. ಏಪ್ರಿಲ್ 1ರಿಂದಲೇ ಇನ್‌ಕ್ರಿಮೆಂಟ್ ಬಂದು 21,500 ಆಯಿತು ಅಂದರೆ ವಂತಿಗೆ ಅಲ್ಲಿಗೇ ನಿಂತಿತು. ಆದರೂ ಅದಕ್ಕೆ ಹಿಂದೆ ಕಟ್ಟಿದ ವಂತಿಗೆಗೆ ಸೇರಿದ ಕಾಯಿಲೆ ಭತ್ಯೆ ಡಿಸೆಂಬರ್‌ವರೆಗೆ ಇರುತ್ತದೆ. 'ನಿನಗೆ ಇಎಸ್‌ಐ ಹೋಯ್ತು' ಅಂದ ತಕ್ಷಣ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಇನ್ನು ಗಡಿ ದಾಟಿದ ಹೆಣ್ಣುಮಕ್ಕಳಿಗೆ ಹೆರಿಗೆಯ 26 ವಾರದ ಸಂಬಳ ಇಎಸ್‌ಐ ಅಲ್ಲ, ಕಂಪನಿಯೇ ಕೊಡಬೇಕು. ಅವರು ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು.

ಟಿಬಿ, ಕ್ಯಾನ್ಸರ್‌ನಂಥ ಪಟ್ಟಿ ಮಾಡಿದ ದೀರ್ಘ ಕಾಯಿಲೆಗಳಿಗೆ 91 ದಿನ ಮುಗಿದ ಮೇಲೂ ಶೇ. 80ರ ದರದಲ್ಲಿ ಭತ್ಯೆ ಮುಂದುವರಿಯುತ್ತದೆ, ಎರಡು ವರ್ಷದ ಕೆಲಸ ಆಗಿರಬೇಕು. ಕೆಲಸದಲ್ಲಿ ಕೈ ಸಿಕ್ಕಿಕೊಂಡರೆ, ಅಥವಾ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಅಪಘಾತವಾದರೆ ಅದು ಬೇರೆಯೇ ಲೆಕ್ಕ. ಅಲ್ಲಿ ಶೇ. 90 ಸಿಗುತ್ತದೆ, ಎಷ್ಟು ದಿನ ವಂತಿಗೆ ಕಟ್ಟಿದ್ದೀರಿ ಅಂತ ಕೇಳುವುದೇ ಇಲ್ಲ. ನಿನ್ನೆ ಸೇರಿದವರಿಗೂ ಇದೆ.

ಕಂಪನಿ ನಿಮ್ಮಿಂದ ಹಿಡಿದು ಇಎಸ್‌ಐಗೆ ಕಟ್ಟದೇ ಇದ್ದರೆ? ಪೋರ್ಟಲ್‌ನಲ್ಲಿ ನಿಮ್ಮ ವಂತಿಗೆ ಪಟ್ಟಿ ನೋಡಿ, ಒಂದು ತಿಂಗಳದು ಮುಂದಿನ ತಿಂಗಳ 15ರೊಳಗೆ ಬಂದಿರಬೇಕು. ಬಂದಿಲ್ಲದಿದ್ದರೂ ಹೆದರಬೇಡಿ. ನಿಯಮ ಕೇಳುವುದು ವಂತಿಗೆ ಕಟ್ಟಬೇಕಾಗಿತ್ತಾ ಅಂತ, ಕಟ್ಟಿದ್ದಾರಾ ಅಂತಲ್ಲ. ಸಂಬಳದ ಸ್ಲಿಪ್ಪೇ ನಿಮ್ಮ ಸಾಕ್ಷಿ. ಬಾಕಿ ವಸೂಲಿ ಮಾಡುವುದು ನಿಗಮದ ಕೆಲಸ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಇಎಸ್‌ಐ ಕಾಯ್ದೆ, 1961ರ ಹೆರಿಗೆ ಸೌಲಭ್ಯ ಕಾಯ್ದೆ ಎರಡೂ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. 'ಹಳೇ ಕಾನೂನು ಹೋಯ್ತು, ಈಗ ಏನೂ ಇಲ್ಲ' ಅಂತ ಯಾರಾದರೂ ಅಂದರೆ ನಂಬಬೇಡಿ. 26 ವಾರ ಹಾಗೇ ಇದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಶಿಶುಪಾಲನಾ ಕೇಂದ್ರ, ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿಬರುವ ಅವಕಾಶ, ಮಗುವಿಗೆ ಹದಿನೈದು ತಿಂಗಳಾಗುವ ತನಕ ಹಾಲುಣಿಸಲು ದಿನಕ್ಕೆ ಎರಡು ಬಿಡುವು, ಇವೂ ಇವೆ. ನವೆಂಬರ್‌ನಲ್ಲಿ ವಾಪಸ್ ಬಂದಾಗ ಬೇಕಾಗುತ್ತದೆ, ನೆನಪಿಡಿ.

ಈ ವಾರ ಮಾಡಬೇಕಾದದ್ದು ಒಂದು. ಗರ್ಭಿಣಿ ಪ್ರಮಾಣಪತ್ರದ ಜೆರಾಕ್ಸ್ ಇಟ್ಟು, ಹೆರಿಗೆಯ ಅಂದಾಜು ದಿನಾಂಕ ಮತ್ತು ರಜೆ ಶುರುವಾಗುವ ದಿನ ಬರೆದು ಎಚ್‌ಆರ್‌ಗೆ ರಜೆ ಅರ್ಜಿ ಕೊಡಿ. ಕನ್ನಡದಲ್ಲೇ ಬರೆಯಿರಿ, ನಾಲ್ಕು ಸಾಲು ಸಾಕು. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಜಗಳ ಆಡಬೇಡಿ. ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಂಪನಿ ವಿಳಾಸಕ್ಕೆ ಕಳಿಸಿ, ರಸೀದಿಯನ್ನು ತಾಯಿ ಕಾರ್ಡ್ ಜೊತೆ ಇಟ್ಟುಕೊಳ್ಳಿ.